ಬೇವು ಲೇಪಿತ ಯೂರಿಯಾದ ಲೆಕ್ಕ ಕೇಳಿ ಕೃಷಿ ಸಚಿವರಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಕೃಷಿ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಯೂರಿಯಾದ ಬೇವಿನ ಲೇಪನವನ್ನು ಪರೀಕ್ಷಿಸುವುದು, ಸಾರಜನಕ ಪೋಲಾಗುವುದನ್ನು ತಡೆಯುವ ನೈಟ್ರೀಕರಣ ತಡೆಕಾರಕಗಳ ಬಗ್ಗೆ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಪ್ರಯೋಗ ನಡೆಸುವುದು ಹಾಗೂ ಅದರ ಫಲಿತಾಂಶವನ್ನು ರೈತರಿಗೆ ತಿಳಿಸುವುದರ ಕುರಿತು.

ಮಾನ್ಯರೇ,

ನಾನು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ಏಳು ಎಕರೆ ಎರೆಭೂಮಿಯಲ್ಲಿ ಭತ್ತ ಬೆಳೆಯುವ ರೈತ. 2025ರ ಮುಂಗಾರಿನಲ್ಲಿ ಯೂರಿಯಾಕ್ಕಾಗಿ ರಾಜ್ಯದ ಹಲವೆಡೆ ರೈತರು ಸಾಲುಗಟ್ಟಿ ನಿಂತದ್ದು ತಮಗೆ ಗೊತ್ತಿರುವ ಸಂಗತಿ. ಆ ಸಾಲಿನಲ್ಲಿ ನಾನೂ ಇದ್ದೆ. ಬೆಳಗಿನ ಜಾವ ಐದಕ್ಕೆ ಹೋಗಿ, ಚಪ್ಪಲಿಯನ್ನು ಸಾಲಿನಲ್ಲಿಟ್ಟು ಜಾಗ ಹಿಡಿದು, ಮಧ್ಯಾಹ್ನದ ಹೊತ್ತಿಗೆ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿ ಎರಡು ಚೀಲ ತಂದೆ. ಅಂದು ಅಲ್ಲಿ ನಡೆದ ಮಾತೆಲ್ಲ ಎಷ್ಟು ಲೋಡು ಬಂತು, ಯಾರಿಗೆ ಎಷ್ಟು ಚೀಲ ಸಿಕ್ಕಿತು ಎಂಬುದರದೇ ಆಗಿತ್ತು. ಪತ್ರಿಕೆಗಳಲ್ಲಿಯೂ ಸದನದಲ್ಲಿಯೂ ಅದೇ ಮಾತು. ಅಷ್ಟು ಕಷ್ಟಪಟ್ಟು ತಂದ ಚೀಲದಲ್ಲಿ ಬೆಳೆಗೆ ಸೇರುವುದು ಎಷ್ಟು, ಗಾಳಿಗೂ ನೀರಿಗೂ ಹೋಗುವುದು ಎಷ್ಟು ಎಂದು ಕೇಳಿದವರನ್ನು ನಾನು ಕಾಣಲಿಲ್ಲ. ಆ ಪ್ರಶ್ನೆಯನ್ನು ತಮ್ಮ ಮುಂದೆ ಇಡುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಯೂರಿಯಾದಲ್ಲಿ ಶೇ 46ರಷ್ಟು ಸಾರಜನಕವಿದೆ. ಅಂದರೆ 45 ಕಿಲೋ ಚೀಲದಲ್ಲಿ ಸುಮಾರು 20 ಕಿಲೋ 700 ಗ್ರಾಂ. ಭತ್ತದ ಗದ್ದೆಗೆ ಹಾಕಿದ ಸಾರಜನಕದಲ್ಲಿ ಬೆಳೆ ಹೀರಿಕೊಳ್ಳುವುದು ಸಾಮಾನ್ಯವಾಗಿ ಮೂರನೇ ಒಂದು ಪಾಲಿನ ಆಸುಪಾಸು ಎಂದು ಕೃಷಿ ವಿಜ್ಞಾನಿಗಳು ಬಹಳ ಕಾಲದಿಂದ ಹೇಳುತ್ತಲೇ ಬಂದಿದ್ದಾರೆ. ಉಳಿದದ್ದರಲ್ಲಿ ಒಂದಿಷ್ಟು ಮಣ್ಣಿನಲ್ಲಿ ನಿಲ್ಲುತ್ತದೆ, ಹೆಚ್ಚಿನದು ಕಣ್ಣಿಗೆ ಕಾಣದ ಹಾಗೆ ಹೋಗಿಬಿಡುತ್ತದೆ. ಕಾಲುವೆ ಒಡೆದರೆ ಊರೆಲ್ಲ ಓಡಿಬರುತ್ತದೆ. ಗೊಬ್ಬರ ಗಾಳಿಯಲ್ಲಿ ಹೋದರೆ ಯಾರಿಗೂ ತಿಳಿಯುವುದಿಲ್ಲ, ಪೈರು ಹಳದಿಯಾದಾಗ ಇನ್ನೊಂದು ಚೀಲ ಹುಡುಕಿಕೊಂಡು ಹೋಗುತ್ತೇವೆ.

ಅದು ಹೋಗುವ ದಾರಿಯನ್ನು ನಾನು ಅರ್ಥಮಾಡಿಕೊಂಡ ಮಟ್ಟಿಗೆ ಹೇಳುತ್ತೇನೆ, ಏಕೆಂದರೆ ನನ್ನ ಬೇಡಿಕೆಗಳೆಲ್ಲ ಅದರ ಮೇಲೆಯೇ ನಿಂತಿವೆ. ಮಣ್ಣಿಗೆ ಬಿದ್ದ ಯೂರಿಯಾ ಮೊದಲು ಅಮೋನಿಯಂ ಆಗುತ್ತದೆ. ಜೇಡಿಮಣ್ಣಿನ ಕಣಗಳು ಅಮೋನಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತವೆ, ಭತ್ತದ ಬೇರೂ ಅದನ್ನು ಚೆನ್ನಾಗಿ ಹೀರುತ್ತದೆ. ಆದರೆ ಮಣ್ಣಿನಲ್ಲಿರುವ ನೈಟ್ರೋಸೋಮೋನಾಸ್ ಮುಂತಾದ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿಯೂ, ಬೇರೆ ಜಾತಿಯ ಜೀವಿಗಳು ಅಲ್ಲಿಂದ ಮುಂದೆ ನೈಟ್ರೇಟ್ ಆಗಿಯೂ ಬದಲಾಯಿಸುತ್ತವೆ. ಈ ಕ್ರಿಯೆಗೆ ನೈಟ್ರೀಕರಣ ಎನ್ನುತ್ತಾರೆ. ನೈಟ್ರೇಟ್ ಮಣ್ಣಿನ ಹಿಡಿತಕ್ಕೆ ಸಿಗುವುದಿಲ್ಲ. ಮಸಾರಿ, ಅಂದರೆ ಕೆಂಪು ಮಣ್ಣಿನಲ್ಲಿ ಅದು ನೀರಿನೊಡನೆ ಬೇರಿನ ಕೆಳಗೆ ಬಸಿದು ಹೋಗುತ್ತದೆ. ನಮ್ಮಂಥ ಎರೆಮಣ್ಣಿನ ಗದ್ದೆಯಲ್ಲಿ ಬಸಿಯುವುದು ಕಡಿಮೆ, ಆದರೆ ನೀರು ನಿಂತು ಉಸಿರುಗಟ್ಟಿದ ಮಣ್ಣಿನಲ್ಲಿ ಬೇರೆ ಸೂಕ್ಷ್ಮಜೀವಿಗಳು ಅದೇ ನೈಟ್ರೇಟನ್ನು ಅನಿಲವಾಗಿಸಿ ಆಕಾಶಕ್ಕೆ ಬಿಡುತ್ತವೆ. ಆ ಅನಿಲಗಳಲ್ಲಿ ಒಂದಾದ ನೈಟ್ರಸ್ ಆಕ್ಸೈಡ್, ನೂರು ವರ್ಷಗಳ ಲೆಕ್ಕದಲ್ಲಿ, ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುವಂಥದ್ದು.

ಅಮೋನಿಯಂ ಅನ್ನು ನೈಟ್ರೈಟ್ ಆಗಿ ಬದಲಾಯಿಸುವ ಆ ಮೊದಲ ಮೆಟ್ಟಿಲಿನಲ್ಲಿಯೇ ಸೂಕ್ಷ್ಮಜೀವಿಗಳ ಕೆಲಸವನ್ನು ಕೆಲವು ವಾರ ನಿಧಾನಗೊಳಿಸುವ ವಸ್ತುಗಳೇ ನೈಟ್ರೀಕರಣ ತಡೆಕಾರಕಗಳು. ಬೆಳೆಗೆ ಬೇಕಾಗುವ ತನಕ ಸಾರಜನಕವನ್ನು ಮಣ್ಣು ಹಿಡಿದಿಟ್ಟುಕೊಳ್ಳಲಿ ಎಂಬುದು ಇದರ ಉದ್ದೇಶ. ಅಮೆರಿಕದಲ್ಲಿ ನೈಟ್ರಪೈರಿನ್ ಎಂಬ ರಾಸಾಯನಿಕ ದಶಕಗಳಿಂದಲೇ ಬಳಕೆಯಲ್ಲಿದೆ. ಯುರೋಪಿನಲ್ಲಿ ಡಿಎಂಪಿಪಿ ಎಂಬ ಇನ್ನೊಂದು ರಾಸಾಯನಿಕ ತಡೆಕಾರಕ ಬಂದಿದೆ. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಆರಿಸಿಕೊಂಡದ್ದು ಬೇವನ್ನು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ರಾಜೇಂದ್ರ ಪ್ರಸಾದ್ ಮತ್ತು ಸಂಗಡಿಗರು 1970ರ ದಶಕದ ಆರಂಭದಲ್ಲಿಯೇ ಯೂರಿಯಾಕ್ಕೆ ಬೇವನ್ನು ಬೆರೆಸಿ ಭತ್ತದ ಮೇಲೆ ಪ್ರಯೋಗ ಮಾಡಿದ್ದರು. 2015ರಲ್ಲಿ ಕೇಂದ್ರ ಸರ್ಕಾರ ದೇಶದಲ್ಲಿ ತಯಾರಾಗುವ ಯೂರಿಯಾವೆಲ್ಲವೂ ಬೇವು ಲೇಪಿತವಾಗಿರಬೇಕೆಂದು ಕಡ್ಡಾಯ ಮಾಡಿತು. ಹೀಗೆ ನಮ್ಮೂರಿನ ಅತಿ ಸಣ್ಣ ರೈತನೂ ಹತ್ತು ವರ್ಷದಿಂದ ನೈಟ್ರೀಕರಣ ತಡೆಕಾರಕವನ್ನು ಬಳಸುತ್ತಿದ್ದಾನೆ. ಅದು ಅವನಿಗೆ ಗೊತ್ತಿಲ್ಲ. ನನ್ನ ಮೊದಲ ದೂರು ಇದೇ.

ಕಳೆದ ಹಂಗಾಮಿನಲ್ಲಿ ಮೇಲುಗೊಬ್ಬರ ಹಾಕುವ ಹೊತ್ತಿಗೆ ನಮ್ಮ ಓಣಿಯ ಹಿರಿಯರೊಬ್ಬರನ್ನು ಕೇಳಿದೆ: "ಕಾಕಾ, ಯೂರಿಯಾಕ್ಕ ಬೇವಿನ ಎಣ್ಣಿ ಯಾಕ ಹಚ್ತಾರ?" ಅವರು, "ಹುಳ ಬೀಳಬಾರದು ಅಂತ ಹಚ್ತಾರಪಾ" ಎಂದರು. ಅವರ ಮಗ, ಓದಿದವನು, "ಕಾರ್ಖಾನೆಯವರು ಕದ್ದು ಒಯ್ಯಬಾರದು ಅಂತ" ಎಂದ. ಮಗನ ಮಾತಿನಲ್ಲಿ ಅರ್ಧ ನಿಜವಿದೆ, ಸಬ್ಸಿಡಿ ಯೂರಿಯಾ ಕೈಗಾರಿಕೆಗಳಿಗೆ ಹರಿದು ಹೋಗುವುದನ್ನು ತಡೆಯುವುದೂ ಲೇಪನದ ಒಂದು ಉದ್ದೇಶವಾಗಿತ್ತು. ಆದರೆ ಅದು ಸಾರಜನಕವನ್ನು ಮಣ್ಣಿನಲ್ಲಿ ಹೆಚ್ಚು ದಿನ ನಿಲ್ಲಿಸಲು ಹಚ್ಚಿದ್ದು, ಆದ್ದರಿಂದ ಕಡಿಮೆ ಹಾಕಿದರೂ ನಡೆದೀತು ಎಂಬ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಅವರು ಮೊದಲು ಎಕರೆಗೆ ನಾಲ್ಕು ಚೀಲ ಹಾಕುತ್ತಿದ್ದರು, ಈಗಲೂ ನಾಲ್ಕೇ ಹಾಕುತ್ತಾರೆ. 2018ರಲ್ಲಿ ಚೀಲದ ತೂಕ 50 ಕಿಲೋದಿಂದ 45 ಕಿಲೋಕ್ಕೆ ಇಳಿಯಿತು, ರೈತರು ಚೀಲದ ಲೆಕ್ಕದಲ್ಲಿ ಹಾಕುವವರಾದ್ದರಿಂದ ತಾನಾಗಿಯೇ ಬಳಕೆ ಇಳಿದೀತು ಎಂಬ ಆಲೋಚನೆ ಅದರ ಹಿಂದೆ ಇತ್ತು. ನಮ್ಮ ಕಡೆ ಹಲವರು ತೂಕ ಕಡಿಮೆಯಾಯಿತೆಂದು ಅರ್ಧ ಚೀಲ ಹೆಚ್ಚಿಗೆ ಹಾಕತೊಡಗಿದರು. ದೇಶದ ಒಟ್ಟು ಯೂರಿಯಾ ಬಳಕೆಯೂ 2015-16ರಲ್ಲಿ ಸುಮಾರು 306 ಲಕ್ಷ ಟನ್ ಇದ್ದದ್ದು 2023-24ರ ಹೊತ್ತಿಗೆ ಸುಮಾರು 357 ಲಕ್ಷ ಟನ್ನಿಗೆ ಏರಿದೆ. ಬೇವಿನ ಲೇಪನದಿಂದ ಹತ್ತರಲ್ಲಿ ಒಂದು ಪಾಲು ಉಳಿದೀತೆಂದು ಆಗ ಹೇಳಲಾಗಿತ್ತು. ತಿಳಿಯದೆ ಉಳಿಸಲು ಯಾರಿಂದಲೂ ಆಗುವುದಿಲ್ಲ.

ಎರಡನೆಯ ದೂರು ಲೇಪನದ ಪ್ರಮಾಣದ್ದು. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಬೇವು ಲೇಪಿತ ಯೂರಿಯಾದಲ್ಲಿ ಬೇವಿನ ಎಣ್ಣೆಯ ಅಂಶ ತೂಕದಲ್ಲಿ ಕನಿಷ್ಠ ಶೇ 0.035 ಇರಬೇಕು. ಇದನ್ನು ಚೀಲಕ್ಕೆ ಲೆಕ್ಕ ಹಾಕಿದರೆ 45 ಕಿಲೋಗೆ 16 ಗ್ರಾಮಿಗೂ ಕಡಿಮೆ, ಅಂದರೆ ಮೂರು ನಾಲ್ಕು ಟೀ ಚಮಚ. ಇಷ್ಟು ಎಣ್ಣೆ ಲಕ್ಷಾಂತರ ಕಾಳುಗಳ ಮೇಲೆ ಹರಡಿ, ಗೋದಾಮಿನಲ್ಲಿ ತಿಂಗಳುಗಟ್ಟಲೆ ಇದ್ದು, ಲಾರಿಯ ಬಿಸಿಲಿನಲ್ಲಿ ಬಂದು, ನನ್ನ ಗದ್ದೆಯ ನೀರಿನಲ್ಲಿ ಕರಗಿದ ಮೇಲೆ ಎಷ್ಟು ದಿನ ಕೆಲಸ ಮಾಡುತ್ತದೆ? ಮೊದಮೊದಲ ಪ್ರಯೋಗಗಳಲ್ಲಿ ಯೂರಿಯಾದ ತೂಕದ ಐದನೇ ಒಂದು ಪಾಲಿನಷ್ಟು ಬೇವಿನ ಹಿಂಡಿಯನ್ನೇ ಬೆರೆಸುತ್ತಿದ್ದರು. ಈಗಿನ ತೆಳು ಲೇಪನ ಕೆಲಸಕ್ಕೆ ಬಾರದು ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಲು ನನ್ನ ಬಳಿ ಪ್ರಯೋಗಾಲಯವಿಲ್ಲ. ಅದು ನಮ್ಮ ಮಣ್ಣಿನಲ್ಲಿ, ನಮ್ಮ ಬಿಸಿಲಿನಲ್ಲಿ ಎಷ್ಟು ಕೆಲಸ ಮಾಡುತ್ತದೆಂದು ಅಳೆದು ಹೇಳಿ ಎಂದು ಕೇಳುತ್ತಿದ್ದೇನೆ.

ಹಾಗೆ ಕೇಳಲು ನನಗೊಂದು ಕಾರಣವಿದೆ. ನಮ್ಮ ತಂದೆಯವರು ಮೇಲುಗೊಬ್ಬರ ಹಾಕುವ ಹಿಂದಿನ ಸಂಜೆ ಅಂಗಳದಲ್ಲಿ ತಾಡಪಾಲು ಹಾಸಿ, ಒಂದು ಚೀಲ ಯೂರಿಯಾಕ್ಕೆ ಒಂಬತ್ತು ಹತ್ತು ಕಿಲೋ ಒಣ ಬೇವಿನ ಹಿಂಡಿಯ ಪುಡಿ ಬೆರೆಸಿ, ಕೈಯಿಂದ ಮಗುಚಿ, ಮೇಲೆ ಇನ್ನೊಂದು ತಾಡಪಾಲು ಮುಚ್ಚಿ ಇಡುತ್ತಿದ್ದರು. ರಾತ್ರಿಯೆಲ್ಲ ಆ ವಾಸನೆ ಪಡಸಾಲೆಯವರೆಗೆ ಬರುತ್ತಿತ್ತು. ಬೆಳಿಗ್ಗೆ ಬಿಳಿ ಕಾಳು ಕಂದು ಬಣ್ಣಕ್ಕೆ ತಿರುಗಿರುತ್ತಿತ್ತು. ಅದನ್ನು ಎರಚಿ ಬಂದವರು ಎರಡು ಸಲ ಸಾಬೂನು ಹಚ್ಚಿ ತೊಳೆದರೂ ಮಧ್ಯಾಹ್ನ ರೊಟ್ಟಿ ಮುರಿಯುವಾಗ ಕೈಯ ಕಹಿ ಬಾಯಿಗೆ ಬರುತ್ತಿತ್ತು. ಇಂದಿನ ಲೇಪಿತ ಯೂರಿಯಾವನ್ನು ದಿನವಿಡೀ ಎರಚಿದರೂ ನನ್ನ ಕೈಗೆ ಆ ಕಹಿ ಅಂಟುವುದಿಲ್ಲ. ನಾಲಿಗೆಯ ಕಹಿ ವಿಜ್ಞಾನದ ಅಳತೆಯಲ್ಲ ಎಂಬುದು ನನಗೆ ಗೊತ್ತು, ಆದರೆ ಅನುಮಾನ ಹುಟ್ಟಿದ್ದು ಅಲ್ಲಿಂದಲೇ.

ಆ ಅನುಮಾನದಿಂದ ಮೂರು ಹಂಗಾಮಿನಿಂದ ಒಂದು ಎಕರೆಯಲ್ಲಿ ತಂದೆಯವರ ಪದ್ಧತಿಯನ್ನು ಮತ್ತೆ ಹಿಡಿದಿದ್ದೇನೆ. ಉಳಿದ ಗದ್ದೆಯಲ್ಲಿ ಎಕರೆಗೆ ನಾಲ್ಕು ಚೀಲ ಹಾಕಿದರೆ ಆ ಎಕರೆಗೆ ಮೂರೇ ಚೀಲ, ಹಿಂಡಿ ಬೆರೆಸಿ, ನೀರು ಬಸಿದು ಹದವಾದ ಕೆಸರಿಗೆ ಹಾಕಿ, ಎರಡು ದಿನ ಬಿಟ್ಟು ನೀರು ಕಟ್ಟಿದೆ. ನಮ್ಮಲ್ಲಿ ಭತ್ತವನ್ನು 75 ಕಿಲೋ ಚೀಲದಲ್ಲಿ ಎಣಿಸುತ್ತೇವೆ. ಎರಡು ಹಂಗಾಮಿನಲ್ಲಿ ಇಳುವರಿ ಸರಿಸಮ ಬಂತು, ಒಂದರಲ್ಲಿ ಒಂದು ಚೀಲ ಕಡಿಮೆ ಬಂತು. ಒಂದು ಎಕರೆಯ ಫಲದಿಂದ ಶಿಫಾರಸು ಮಾಡಲಾಗದು, ಲಾಭ ಬಂದದ್ದು ಹಿಂಡಿಯಿಂದಲೋ ನೀರು ಬಸಿದದ್ದರಿಂದಲೋ ನಾನು ಬೇರ್ಪಡಿಸಿ ಹೇಳಲಾರೆ. ಅದಕ್ಕಾಗಿಯೇ ಚೀಲದಿಂದ ತೆಗೆದ ಯೂರಿಯಾವನ್ನು ಡಬ್ಬಿಯಲ್ಲಿ ತುಂಬಿಕೊಂಡು ಒಂದು ಕಚೇರಿಗೆ ಹೋಗಿ, ಇದರಲ್ಲಿ ಬೇವಿನ ಅಂಶ ಎಷ್ಟಿದೆ ನೋಡಿಕೊಡಿ ಎಂದು ಕೇಳಿದೆ. ಸಾರಜನಕ ಬೇಕಾದರೆ ನೋಡಬಹುದು, ಬೇವನ್ನು ಯಾರೂ ಕೇಳುವುದಿಲ್ಲ ಎಂದರು. ನಾನು ಕೇಳುತ್ತಿದ್ದೇನಲ್ಲ ಸರ್ ಎಂದೆ. ಡಬ್ಬಿಯನ್ನು ಹಿಂದಕ್ಕೆ ತಂದೆ.

ಮಾನ್ಯರೇ, ತಡೆಕಾರಕಗಳನ್ನು ಬಳಸಿದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ನಂಬಿಲ್ಲ. ನಮ್ಮ ಎರೆಮಣ್ಣು ಕ್ಷಾರ ಗುಣದ್ದು. ನಿಂತ ನೀರಿನಲ್ಲಿ ಯೂರಿಯಾ ಎರಚಿದರೆ, ಹಗಲು ಬಿಸಿಲಿಗೆ ಪಾಚಿ ಬೆಳೆದು ನೀರಿನ ಕ್ಷಾರ ಇನ್ನಷ್ಟು ಏರಿ, ಅಮೋನಿಯಾ ಅನಿಲವಾಗಿ ಮೇಲೇಳುತ್ತದೆ. ಗಾಳಿಯಿಲ್ಲದ ಮಧ್ಯಾಹ್ನ ಗದ್ದೆಯ ಬದುವಿನ ಮೇಲೆ ನಿಂತರೆ ಮೂಗಿಗೇ ಗೊತ್ತಾಗುತ್ತದೆ. ನೈಟ್ರೀಕರಣ ತಡೆಕಾರಕ ಈ ನಷ್ಟವನ್ನು ತಡೆಯುವುದಿಲ್ಲ. ಅಮೋನಿಯಂ ಹೆಚ್ಚು ದಿನ ಉಳಿಯುವುದರಿಂದ, ಗೊಬ್ಬರವನ್ನು ಮಣ್ಣಿಗೆ ಸೇರಿಸದೆ ಮೇಲೆಯೇ ಬಿಟ್ಟರೆ, ಅದು ಇನ್ನೂ ಹೆಚ್ಚಬಹುದು. ಆದ್ದರಿಂದ ಲೇಪನವೊಂದೇ ಸಾಲದು, ಎರಚುವ ಕ್ರಮವೂ ಬದಲಾಗಬೇಕು. ಇಲ್ಲಿ ಕೊನೆ ಭಾಗದವರ ಕಷ್ಟವೊಂದಿದೆ. ಗದ್ದೆಯ ನೀರನ್ನು ಬಸಿದು ಗೊಬ್ಬರ ಹಾಕು ಎಂದು ಪುಸ್ತಕ ಹೇಳುತ್ತದೆ. ಬಸಿದ ಮೇಲೆ ಕಾಲುವೆಗೆ ನೀರು ಯಾವ ದಿನ ಬರುತ್ತದೆಂದು ಯಾರು ಹೇಳುತ್ತಾರೆ? ನೀರು ಬಾರದೆ ಗದ್ದೆ ಬಿರುಕು ಬಿಟ್ಟರೆ ಹೋಗುವುದು ಬೆಳೆಯೇ. ಆ ಭಯಕ್ಕೆ ನಾವು ಇದ್ದ ನೀರಿನಲ್ಲಿಯೇ ಯೂರಿಯಾ ಎರಚುತ್ತೇವೆ, ಅದು ಪೋಲಾಗುತ್ತದೆಂದು ಗೊತ್ತಿದ್ದವರೂ ಎರಚುತ್ತೇವೆ. ಗೊಬ್ಬರ ಉಳಿಸುವ ಯಾವ ಯೋಜನೆಯಾದರೂ ನೀರಾವರಿ ಇಲಾಖೆಯ ಪಾಳಿ ಪಟ್ಟಿಯೊಡನೆ ಕೂಡಿಯೇ ಆಗಬೇಕು.

ನೀರಿನ ಕೊರತೆಯಿಂದ ನಮ್ಮ ಭಾಗದಲ್ಲಿ ಕೂರಿಗೆಯಿಂದ ನೇರವಾಗಿ ಭತ್ತ ಬಿತ್ತುವುದು ಹೆಚ್ಚುತ್ತಿದೆ, ಇಲಾಖೆಯೂ ಅದನ್ನು ಪ್ರೋತ್ಸಾಹಿಸುತ್ತಿದೆ. ಒಳ್ಳೆಯದೇ. ಆದರೆ ಈ ಪದ್ಧತಿಯಲ್ಲಿ ಮಣ್ಣು ಮೊದಲ ವಾರಗಳಲ್ಲಿ ಗಾಳಿಯಾಡುವ ಸ್ಥಿತಿಯಲ್ಲಿರುವುದರಿಂದ ಯೂರಿಯಾ ಬೇಗ ನೈಟ್ರೇಟ್ ಆಗುತ್ತದೆ, ಆಮೇಲೆ ಕಾಲುವೆ ನೀರು ಬಂದು ಗದ್ದೆ ತುಂಬಿದಾಗ ಆ ನೈಟ್ರೇಟಿನಲ್ಲಿ ಬಹಳಷ್ಟು ಅನಿಲವಾಗಿ ಹೋಗುತ್ತದೆ. ಒಮ್ಮೆ ಒಣಗಿಸಿ ಒಮ್ಮೆ ನೀರು ಕಟ್ಟುವ ಪದ್ಧತಿಯಲ್ಲಿಯೂ ಹೀಗೆಯೇ. ತಡೆಕಾರಕದ ಅಗತ್ಯ ಎಲ್ಲಕ್ಕಿಂತ ಹೆಚ್ಚು ಇರುವುದು ಈ ಗದ್ದೆಗಳಲ್ಲಿ. ನೀರು ಉಳಿಸುವ ಪದ್ಧತಿಯನ್ನು ಕಲಿಸುವಾಗಲೇ ಸಾರಜನಕ ಉಳಿಸುವುದನ್ನೂ ಕಲಿಸದಿದ್ದರೆ ಒಂದು ಕೈಯಲ್ಲಿ ಉಳಿಸಿದ್ದನ್ನು ಇನ್ನೊಂದು ಕೈಯಲ್ಲಿ ಚೆಲ್ಲಿದಂತಾಗುತ್ತದೆ.

ಕುಡಿಯುವ ನೀರಿನ ಮಾತನ್ನೂ ಹೇಳಲೇಬೇಕು. ನೈಟ್ರೇಟಿನ ಮಿತಿ ಲೀಟರಿಗೆ 45 ಮಿಲಿಗ್ರಾಂ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಕರ್ನಾಟಕದ ಮಾದರಿಗಳ ಪೈಕಿ ಸುಮಾರು ಶೇ 48ರಷ್ಟು ಈ ಮಿತಿ ಮೀರಿದ್ದವು. ಇದಕ್ಕೆ ಗೊಬ್ಬರವೊಂದೇ ಕಾರಣವಲ್ಲ, ಚರಂಡಿ ಮತ್ತು ಶೌಚಗುಂಡಿಗಳ ಪಾಲೂ ಇದೆ. ಆದರೂ ನಾವು ಹಾಕಿದ್ದರ ಪಾಲು ಎಷ್ಟೆಂದು ತಿಳಿಯುವ ಹಕ್ಕು, ಆ ನೀರನ್ನು ಕೂಸುಗಳಿಗೆ ಕುಡಿಸುವ ನಮಗಿದೆ.

ಈಗ ನನ್ನ ಬೇಡಿಕೆಗಳು. ರಾಜ್ಯದ ಗೊಬ್ಬರ ಪರೀಕ್ಷಾ ಪ್ರಯೋಗಾಲಯಗಳು, ಅಂಗಡಿ ಮತ್ತು ಸೊಸೈಟಿಗಳಿಂದ ತೆಗೆದ ಯೂರಿಯಾ ಮಾದರಿಗಳಲ್ಲಿ ಸಾರಜನಕದ ಜೊತೆಗೆ ಬೇವಿನ ಎಣ್ಣೆಯ ಅಂಶವನ್ನೂ ತಪ್ಪದೆ ಅಳೆದು, ಫಲಿತಾಂಶವನ್ನು ರೈತ ಸಂಪರ್ಕ ಕೇಂದ್ರಗಳ ಫಲಕದಲ್ಲಿ ಹಾಕುವಂತೆ ತಾವು ಆದೇಶಿಸಬೇಕು. ಲೇಪನದ ಕನಿಷ್ಠ ಪ್ರಮಾಣ ನಿಗದಿಪಡಿಸುವುದು ಕೇಂದ್ರದ ಅಧಿಕಾರವೆಂದು ನನಗೆ ಗೊತ್ತಿದೆ. ಆದರೆ ನಮ್ಮ ನೆಲದ ಅಳತೆ ಕೈಯಲ್ಲಿದ್ದರೆ, ಆ ಪ್ರಮಾಣ ಸಾಕೋ ಸಾಲದೋ ಎಂದು ಕೇಂದ್ರಕ್ಕೆ ಬರೆಯಲು ರಾಜ್ಯಕ್ಕೆ ಬಲ ಬರುತ್ತದೆ.

ಆ ಅಳತೆಗಾಗಿ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಮೂಲಕ, ಗಂಗಾವತಿ ಮತ್ತು ಸಿರುಗುಪ್ಪದ ಸಂಶೋಧನಾ ಕೇಂದ್ರಗಳಲ್ಲಿ ಮಾತ್ರವಲ್ಲದೆ ರೈತರ ಹೊಲಗಳಲ್ಲಿಯೂ, ಕನಿಷ್ಠ ಮೂರು ವರ್ಷ ಪ್ರಯೋಗ ನಡೆಯಬೇಕು. ಎರೆ ಮತ್ತು ಮಸಾರಿ ಎರಡೂ ಮಣ್ಣಿನಲ್ಲಿ, ನಾಟಿ ಮತ್ತು ಕೂರಿಗೆ ಎರಡೂ ಪದ್ಧತಿಯಲ್ಲಿ ಆಗಬೇಕು. ಈಗಿನ ತೆಳು ಲೇಪನ, ದಪ್ಪ ಲೇಪನ ಮತ್ತು ಹಿಂಡಿ ಬೆರೆಸಿದ್ದನ್ನು ಹೋಲಿಸಿ ನೋಡಬೇಕು. ಬೇವಿನ ಜೊತೆಗೆ ಹೊಂಗೆಯನ್ನೂ ಪರೀಕ್ಷಿಸಬೇಕೆಂದು ವಿಶೇಷವಾಗಿ ಕೋರುತ್ತೇನೆ. ಹೊಂಗೆಬೀಜದಲ್ಲಿರುವ ಕರಂಜಿನ್ ಎಂಬ ಅಂಶ ನೈಟ್ರೀಕರಣವನ್ನು ತಡೆಯುತ್ತದೆಂದು ನಮ್ಮ ದೇಶದ ವಿಜ್ಞಾನಿಗಳೇ ದಶಕಗಳ ಹಿಂದೆ ತೋರಿಸಿದ್ದಾರೆ. ನಮ್ಮ ಹಳ್ಳದ ದಂಡೆಯಲ್ಲಿ ಹೊಂಗೆಬೀಜ ಆರಿಸುವವರಿಲ್ಲದೆ ಮಣ್ಣುಪಾಲಾಗುತ್ತಿದೆ.

ಜೋಳದ ಮಾತೂ ಇದೆ. ಜಲಾಶಯಕ್ಕೆ ಮುಂಚೆ ಈ ನೆಲವೆಲ್ಲ ಬಿಳಿಜೋಳದ್ದು. ಜೋಳದ ಬೇರು ಸೂಸುವ ಸಾರ್ಗೋಲಿಯೋನ್ ಎಂಬ ಅಂಶ ತಾನೇ ನೈಟ್ರೀಕರಣವನ್ನು ತಡೆಯುತ್ತದೆ ಎಂದು ಜಪಾನಿನ ಸಂಶೋಧನಾ ಕೇಂದ್ರವೊಂದು ಹೈದರಾಬಾದಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಜೊತೆಗೂಡಿ ಅಧ್ಯಯನ ಮಾಡಿದೆ. ಎರಡನೇ ಬೆಳೆಗೆ ನೀರು ಸಿಗದ ಕೊನೆ ಭಾಗದಲ್ಲಿ ಭತ್ತದ ನಂತರ ಜೋಳ ಬಿತ್ತಿದರೆ ಮಣ್ಣಿನಲ್ಲುಳಿದ ಸಾರಜನಕ ಎಷ್ಟು ಸಿಗುತ್ತದೆ ಎಂಬುದನ್ನೂ ಈ ಪ್ರಯೋಗದಲ್ಲಿ ಸೇರಿಸಬಹುದು.

ಹೊರದೇಶದ ರಾಸಾಯನಿಕ ತಡೆಕಾರಕಗಳನ್ನು ತರುವುದಾದರೆ ಎಚ್ಚರ ಬೇಕು. ನ್ಯೂಜಿಲೆಂಡಿನಲ್ಲಿ ಹುಲ್ಲುಗಾವಲಿಗೆ ಹಾಕುತ್ತಿದ್ದ ಡಿಸಿಡಿ ಎಂಬ ತಡೆಕಾರಕದ ಅಂಶ ಹಾಲಿನಲ್ಲಿ ಕಂಡುಬಂದು 2013ರಲ್ಲಿ ಅದರ ಮಾರಾಟವನ್ನೇ ನಿಲ್ಲಿಸಬೇಕಾಯಿತು. ನಮ್ಮ ಭತ್ತದ ಹುಲ್ಲನ್ನು ತಿನ್ನುವುದು ನಮ್ಮ ಎಮ್ಮೆ. ಅಲ್ಲದೆ ತಂಪು ದೇಶದಲ್ಲಿ ತಿಂಗಳುಗಟ್ಟಲೆ ನಿಲ್ಲುವ ಡಿಸಿಡಿ ಬಿಸಿ ಮಣ್ಣಿನಲ್ಲಿ ಬೇಗ ಒಡೆದುಹೋಗುತ್ತದೆ. ಆದ್ದರಿಂದ ಹುಲ್ಲು, ಹಾಲು, ಅಕ್ಕಿ ಮತ್ತು ಬಸಿನೀರು ಇವುಗಳಲ್ಲಿ ಉಳಿಕೆ ಪರೀಕ್ಷಿಸದೆ, ರಾಯಚೂರಿನ ಬೇಸಿಗೆಯಲ್ಲಿ ಅಳೆಯದೆ, ಯಾವುದನ್ನೂ ರೈತರಿಗೆ ಶಿಫಾರಸು ಮಾಡಬಾರದು.

ಫಲಿತಾಂಶ ಬಂದ ಮೇಲೆ, ಲೇಪಿತ ಯೂರಿಯಾವಾದರೆ ಎಕರೆಗೆ ಎಷ್ಟು ಕಡಿಮೆ ಹಾಕಬಹುದು, ಯಾವ ಹಂತದಲ್ಲಿ, ಗದ್ದೆಯಲ್ಲಿ ಎಷ್ಟು ನೀರಿರುವಾಗ ಹಾಕಬೇಕು ಎಂಬುದನ್ನು ಚೀಲದ ಲೆಕ್ಕದಲ್ಲಿ, ಕನ್ನಡದಲ್ಲಿ ಬರೆದು ತಿಳಿಸಬೇಕು. ಲಾಭ ಬಾರದಿದ್ದರೆ ಅದನ್ನೂ ಮುಚ್ಚಿಡದೆ ಹೇಳಬೇಕು. ಸುಮಾರು 266 ರೂಪಾಯಿಗೆ ಸಿಗುವ ಚೀಲದ ನಿಜವಾದ ವೆಚ್ಚ ಅದರ ಹಲವು ಪಟ್ಟು, ಆ ಹಣ ಬೊಕ್ಕಸದಿಂದ ಹೋಗುತ್ತಿದೆ. ಅದರ ಒಂದು ಸಣ್ಣ ಪಾಲನ್ನು ಈ ಅಳತೆಗೆ ಇಟ್ಟರೆ ಸಾಕು.

ಪ್ರಯೋಗಕ್ಕೆ ಜಾಗ ಬೇಕಾದರೆ ಕಾಲುವೆಗೆ ಹತ್ತಿದ ನನ್ನ ಎರಡು ಎಕರೆಯನ್ನು ಬಾಡಿಗೆಯಿಲ್ಲದೆ ಮೂರು ವರ್ಷ ಬಿಟ್ಟುಕೊಡುತ್ತೇನೆ, ಇಳುವರಿಯ ನಷ್ಟವಾದರೆ ಪರಿಹಾರ ಕೇಳುವುದಿಲ್ಲ. ಬರುವ ಮುಂಗಾರಿನ ನಾಟಿಗೆ ಮುಂಚೆ ತಮ್ಮ ಉತ್ತರ ಬಂದರೆ ಮಡಿ ಕಟ್ಟಿ ಸಿದ್ಧವಿಡುತ್ತೇನೆ. ಯೂರಿಯಾದ ಡಬ್ಬಿ ಇನ್ನೂ ನನ್ನ ಬಳಿಯೇ ಇದೆ.

ತಮ್ಮ ವಿಶ್ವಾಸಿ,
ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಒಬ್ಬ ಭತ್ತದ ಬೆಳೆಗಾರ